ನಿಂತಾಗ ಬರುವ ನೀರು, ಓಡುವಾಗ ಬರುವ ನೀರು: ಹಳೆಯ ಜೆಟ್ ಸ್ಕೀ ಸೋರಿಕೆ ಹಿಡಿದ ಬಗೆ

ನೀರಿನ ಮೇಲೆ ಬೈಕಿನಂತೆ ಓಡಿಸುವ ಜೆಟ್ ಸ್ಕೀ ಹೊಟ್ಟೆಯಲ್ಲಿ ಒಂದಿಷ್ಟು ನೀರು ಇದ್ದೇ ಇರುತ್ತದೆ. ಸೀಟು ತೆಗೆದಾಗ ನಾಲ್ಕು ಹನಿ ಬೀಳುತ್ತದೆ, ಅಲೆ ಎರಚಿದ್ದು ಗಾಳಿಯ ದಾರಿಯಿಂದ ಒಳಗೆ ಇಳಿಯುತ್ತದೆ. ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಕಿಲ್ಲ. ನನ್ನ ಹಳೆಯ ಟೂ ಸ್ಟ್ರೋಕ್ ಗಾಡಿಯ ಕಥೆ ಬೇರೆ. ದಡಕ್ಕೆ ಎಳೆದು ಹಿಂದಿನ ಡ್ರೇನ್ ಪ್ಲಗ್ ಬಿಚ್ಚಿದರೆ ನೀರು ಸುರಿದು ಮುಗಿಯುತ್ತಲೇ ಇರಲಿಲ್ಲ. ಓಡುವಾಗ ಹಿಂಭಾಗ ತಗ್ಗಿ, ವೇಗ ಹಿಡಿಯಲು ತಿಣುಕುತ್ತಿತ್ತು.

ಇಂಥ ಹೊತ್ತಿನಲ್ಲಿ ಎಲ್ಲರ ಕೈ ಮೊದಲು ಹೋಗುವುದು ಸಿಲಿಕೋನ್ ಟ್ಯೂಬಿಗೆ. ಅದು ಆಮೇಲೆ. ನೀರು ಯಾವಾಗ ಒಳಗೆ ಬರುತ್ತಿದೆ ಅಂತ ಮೊದಲು ನೋಡಬೇಕು. ಅದು ಗೊತ್ತಾದರೆ ಎಲ್ಲಿಂದ ಅನ್ನೋದು ಅರ್ಧ ಗೊತ್ತಾದ ಹಾಗೆ.

ಯಾಕೆ ಅಂದರೆ, ಈ ಗಾಡಿಯೊಳಗೆ ನೀರು ಎರಡು ದಾರಿಯಲ್ಲಿ ಬರುತ್ತದೆ. ಒಂದು, ತಾನಾಗಿ ನುಗ್ಗುವ ಹೊರಗಿನ ನೀರು. ಇನ್ನೊಂದು, ನಾವೇ ಒಳಗೆ ಕರೆಸಿಕೊಳ್ಳುವ ನೀರು. ಹಳೆಯ ಜೆಟ್ ಸ್ಕೀಗಳಿಗೆ ರೇಡಿಯೇಟರ್ ಇಲ್ಲ. ಗಾಡಿಯನ್ನು ಮುಂದೆ ತಳ್ಳಲು ಹಿಂದಿನ ಪಂಪು ನೀರನ್ನು ಒತ್ತುವ ಜಾಗದಿಂದಲೇ ಒಂದು ಪೈಪು ಎಂಜಿನ್ನಿಗೆ ಬರುತ್ತದೆ. ಆ ನೀರು ಸಿಲಿಂಡರ್, ಎಗ್ಸಾಸ್ಟ್ ಎಲ್ಲ ಸುತ್ತಿ, ತಣಿಸಿ, ಹೊರಗೆ ಹೋಗುತ್ತದೆ. ಈ ದಾರಿಯಲ್ಲಿ ಎಲ್ಲಿ ಪೈಪು ಬಿರಿದರೂ ಎಂಜಿನ್ ಓಡುವಾಗ ಮಾತ್ರ ನೀರು ಚಿಮ್ಮುತ್ತದೆ. ನಿಲ್ಲಿಸಿ ಹುಡುಕಿದರೆ ಎಲ್ಲ ಒಣ ಒಣ!

ಹಾಗಾಗಿ ಒಳಗೆಲ್ಲ ಬಟ್ಟೆಯಲ್ಲಿ ಒರೆಸಿ, ಎಂಜಿನ್ ಆಫ್ ಮಾಡಿ, ಸುಮ್ನೆ ನೀರಿನಲ್ಲಿ ಕಟ್ಟಿ ಬಿಟ್ಟೆ. ಸ್ವಲ್ಪ ಹೊತ್ತಿಗೆ ತಳದಲ್ಲಿ ತೆಳುವಾಗಿ ನೀರು ಸೇರಿತ್ತು. ಅದನ್ನು ಒರೆಸಿ ಒಂದು ಸುತ್ತು ಓಡಿಸಿ ಬಂದರೆ ಅದರ ಹತ್ತು ಪಟ್ಟು. ಅಂದರೆ ಸೋರಿಕೆ ಒಂದಲ್ಲ, ಕನಿಷ್ಠ ಎರಡು.

ಓಡುವಾಗಿನದನ್ನು ಮೊದಲು ಹಿಡಿದೆ. ಟ್ರೇಲರ್ ಮೇಲೆಯೇ ಫ್ಲಶ್ ಮಾಡುವ, ಅಂದರೆ ಎಂಜಿನ್ನಿನೊಳಗೆ ನೀರು ಹರಿಸಿ ತೊಳೆಯುವ ಜಾಗಕ್ಕೆ ನಲ್ಲಿ ಪೈಪು ಸಿಕ್ಕಿಸಿ ಎಂಜಿನ್ ಓಡಿಸಿದೆ. ಇಲ್ಲೊಂದು ಕ್ರಮ ಇದೆ, ತಪ್ಪಬಾರದು: ಮೊದಲು ಎಂಜಿನ್ ಸ್ಟಾರ್ಟ್, ಆಮೇಲೆ ನೀರು. ನಿಲ್ಲಿಸುವಾಗ ಮೊದಲು ನೀರು ಬಂದ್, ಆಮೇಲೆ ಎಂಜಿನ್. ಉಲ್ಟಾ ಮಾಡಿದರೆ ನೀರನ್ನು ಹೊರಗೆ ತಳ್ಳುವ ಹೊಗೆಯ ಒತ್ತಡ ಇರುವುದಿಲ್ಲ. ಎಗ್ಸಾಸ್ಟ್ ತುಂಬಿ ನೀರು ಸಿಲಿಂಡರಿಗೆ ಇಳಿಯಬಹುದು. ಸ್ಟಾರ್ಟ್ ಮಾಡುವ ಮುಂಚೆ ಸೀಟು ತೆಗೆದು ಸ್ವಲ್ಪ ಹೊತ್ತು ಗಾಳಿಯಾಡಲು ಬಿಡುವುದೂ ಅಷ್ಟೇ ಮುಖ್ಯ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ತಳದಲ್ಲೇ ಕೂತಿರುತ್ತದೆ.

ಟಾರ್ಚ್ ಬಿಟ್ಟು ನೋಡಿದಾಗ ಎಗ್ಸಾಸ್ಟ್ ಕಡೆಗೆ ಹೋಗುವ ಒಂದು ಪೈಪಿನಲ್ಲಿ, ಕ್ಲಾಂಪಿನ ಪಕ್ಕದಲ್ಲೇ, ಕೂದಲೆಳೆಯಷ್ಟು ಸಣ್ಣ ನೀರಿನ ಎಳೆ ಚಿಮ್ಮುತ್ತಿತ್ತು. ಹಳೆಯ ಕ್ಲಾಂಪಿನ ಪಟ್ಟಿಯ ತೂತುಗಳು ರಬ್ಬರನ್ನು ಕೊರೆದುಬಿಟ್ಟಿದ್ದವು. ತುದಿ ಕತ್ತರಿಸಿ ಮತ್ತೆ ಸಿಕ್ಕಿಸಬಹುದಿತ್ತು. ಆದರೆ ಒಂದು ಬಿರಿದಿದೆ ಅಂದರೆ ಅದರ ಅಣ್ಣತಮ್ಮಂದಿರೂ ಅದೇ ವಯಸ್ಸಿನವರು, ಅಲ್ವಾ? ಎಲ್ಲ ಪೈಪು ಬದಲಿಸಿ, ಪಟ್ಟಿಯಲ್ಲಿ ತೂತಿಲ್ಲದ ಸ್ಟೇನ್‌ಲೆಸ್ ಕ್ಲಾಂಪ್ ಹಾಕಿದೆ.

ಇದರಿಂದ ನೀರು ಕಡಿಮೆಯಾಯಿತು, ನಿಲ್ಲಲಿಲ್ಲ. ನಲ್ಲಿ ನೀರಿನಲ್ಲಿ ಓಡಿಸಿದರೆ ಒಳಗೆ ಒಣ, ಕೆರೆಯಲ್ಲಿ ಓಡಿಸಿದರೆ ಒದ್ದೆ. ಈ ವ್ಯತ್ಯಾಸವೇ ಸುಳಿವು. ಟ್ರೇಲರ್ ಮೇಲೆ ಇದ್ದಾಗ ಡ್ರೈವ್ ಶಾಫ್ಟ್, ಅಂದರೆ ಎಂಜಿನ್ನಿನಿಂದ ಪಂಪನ್ನು ತಿರುಗಿಸುವ ಸರಳು, ಗಾಡಿಯ ಕೆಳಮೈಯಾದ ಹಲ್‌ನಿಂದ ಹೊರಗೆ ಹೋಗುವ ಜಾಗಕ್ಕೆ ನೀರೇ ತಾಕುವುದಿಲ್ಲ. ಅಂದಮೇಲೆ ಅನುಮಾನ ಶಾಫ್ಟ್ ಸೀಲಿನ ಮೇಲೆ.

ಯಮಹಾ ಗಾಡಿಗಳಲ್ಲಿ ಇಲ್ಲಿ ಬೇರಿಂಗ್ ಹೌಸಿಂಗ್ ಮತ್ತು ರಬ್ಬರ್ ಸೀಲ್ ಇರುತ್ತದೆ. ಸೀ-ಡೂಗಳಲ್ಲಿ ಕಾರ್ಬನ್ ಸೀಲ್. ನನ್ನದೂ ಕಾರ್ಬನ್ ಬಗೆಯದೇ. ಶಾಫ್ಟಿನ ಜೊತೆ ತಿರುಗುವ ಒಂದು ಸ್ಟೀಲ್ ರಿಂಗ್, ತಿರುಗದ ಒಂದು ಕಾರ್ಬನ್ ರಿಂಗ್. ಮಡಿಕೆ ಮಡಿಕೆಯಾದ ರಬ್ಬರ್ ಬೆಲ್ಲೋಸ್ ಸ್ಪ್ರಿಂಗಿನಂತೆ ಕಾರ್ಬನ್ನನ್ನು ಸ್ಟೀಲಿಗೆ ಒತ್ತಿ ಹಿಡಿದಿರುತ್ತದೆ. ಆ ಎರಡು ನುಣುಪಾದ ಮುಖಗಳು ಕೂಡಿರುವುದೇ ಸೀಲು. ಇದು ತಣ್ಣಗಿರಲು ನೀರು ಬೇಕು, ಆದ್ದರಿಂದ ನೀರಿನ ಹೊರಗೆ ಎಂಜಿನ್ ಜಾಸ್ತಿ ಹೊತ್ತು ಓಡಿಸಬಾರದು.

ಸೋರಿದರೆ ಅದು ಗುರುತು ಬಿಡುತ್ತದೆ. ಸೀಲಿನ ಸುತ್ತ ಕರಿ ಪುಡಿ ಕೂತಿತ್ತು. ಅದಕ್ಕೆ ನೇರವಾಗಿ, ಹಲ್‌ನ ಎರಡೂ ಗೋಡೆಗಳ ಮೇಲೆ ಪಟ್ಟಿ ಎಳೆದ ಹಾಗೆ ಒದ್ದೆ ಗೆರೆ. ತಿರುಗುವ ರಿಂಗು ನೀರನ್ನು ಸುತ್ತಲೂ ಎರಚಿದ್ದರ ಗುರುತು ಅದು. ಎಂಜಿನ್ ನಿಲ್ಲಿಸಿ ಬೆಲ್ಲೋಸನ್ನು ಕೈಯಿಂದ ಹಿಂದಕ್ಕೆ ಒತ್ತಿದೆ. ಅದು ತನ್ನಷ್ಟಕ್ಕೆ ಚಟ್ಟನೆ ಮುಂದೆ ಬರಬೇಕು. ನನ್ನದು ಸೋಮಾರಿಯಾಗಿ ಬಂತು. ಕಾರ್ಬನ್ ಮುಖದ ಮೇಲೆ ಉಗುರಿಗೆ ಸಿಗುವಷ್ಟು ಗೀರು. ಪಂಪು ಇಳಿಸಿ, ಶಾಫ್ಟ್ ಹೊರಗೆಳೆದು, ಕಾರ್ಬನ್, ಬೆಲ್ಲೋಸ್, ಸ್ಟೀಲ್ ರಿಂಗಿನ ಒಳಗಿರುವ ರಬ್ಬರ್ ಓ ರಿಂಗ್‌ಗಳನ್ನೆಲ್ಲ ಒಟ್ಟಿಗೆ ಬದಲಿಸಿದೆ. ಓ ರಿಂಗ್ ಬಿಟ್ಟುಬಿಡುವವರಿದ್ದಾರೆ. ಆಗ ನೀರು ಮುಖದ ಮೇಲಿಂದ ಬರದೆ ಶಾಫ್ಟಿನ ಗುಂಟ ಬರುತ್ತದೆ, ಅಷ್ಟೇ. ಶಾಫ್ಟ್ ತಿರುಗುವಾಗ ಅದರ ಹತ್ತಿರ ಕೈ, ಬಟ್ಟೆ, ಲೈಫ್ ಜಾಕೆಟ್ಟಿನ ಪಟ್ಟಿ ಏನೂ ಹೋಗಬಾರದು.

ಇನ್ನು ನಿಂತಾಗ ಬರುವ ನೀರು. ಇದಕ್ಕೆ ನಾನು ಉಲ್ಟಾ ದಾರಿ ಹಿಡಿದೆ: ನೀರನ್ನು ಒಳಗೆ ತುಂಬಿಸಿ ಹೊರಗೆ ಎಲ್ಲಿ ಬರುತ್ತದೆ ಅಂತ ನೋಡುವುದು. ಬ್ಯಾಟರಿ ತೆಗೆದಿಟ್ಟು, ಪಂಪನ್ನು ವಾಪಸ್ ಕೂರಿಸಿ, ಪ್ಲಗ್ ಹಾಕಿ, ಶಾಫ್ಟ್ ಹಾದುಹೋಗುವ ಟ್ಯೂಬ್ ಮುಳುಗುವಷ್ಟು ಮಾತ್ರ ನೀರು ಬಿಟ್ಟೆ. ಸ್ಟಾರ್ಟರ್ ಮೋಟಾರಿಗೆ ತಾಕಬಾರದು. ಲೀಟರಿಗೆ ಒಂದು ಕಿಲೋ ತೂಕ, ಟ್ರೇಲರ್ ಹೊರಬೇಕು ಅನ್ನೋದೂ ನೆನಪಿರಲಿ. ಹೊರಮೈ ಚೆನ್ನಾಗಿ ಒರೆಸಿ ಕೀಲುಗಳ ಮೇಲೆಲ್ಲ ಟಾಲ್ಕಮ್ ಪೌಡರ್ ಉದುರಿಸಿದೆ. ಹನಿ ಬಿದ್ದ ಕಡೆ ಬಿಳಿ ಪುಡಿ ಬೂದು ಬಣ್ಣಕ್ಕೆ ತಿರುಗುತ್ತದೆ. ರಾತ್ರಿಯಿಡೀ ಬಿಟ್ಟೆ.

ಬೆಳಗ್ಗೆ ಎರಡು ಕಡೆ ಬೂದು ಗೆರೆ ಇತ್ತು. ಡ್ರೇನ್ ಪ್ಲಗ್ಗಿನ ಹೌಸಿಂಗ್ ಸ್ಕ್ರೂ ಹತ್ತಿರ ಒಂದು, ಪಂಪು ಹಲ್‌ಗೆ ಕೂರುವ ಅಂಚಿನಲ್ಲಿ ಇನ್ನೊಂದು. ಎರಡೂ ಕಡೆ ಯಾರೋ ಹಿಂದೆ ಸಿಲಿಕೋನ್ ಬಳಿದಿದ್ದರು. ಹಳೆಯ ಸಿಲಿಕೋನ್ ಮೇಲೆ ಯಾವುದೂ ಹಿಡಿಯುವುದಿಲ್ಲ, ಹೊಸ ಸಿಲಿಕೋನ್ ಕೂಡ. ಪ್ಲಾಸ್ಟಿಕ್ ತುಂಡಿನಿಂದ ಪೂರ್ತಿ ಕೆರೆದು, ಅಸಿಟೋನಿನಲ್ಲಿ ಒರೆಸಿ, ಬೋಟಿಗೆ ಬಳಸುವ ಪಾಲಿಯುರೆಥೇನ್ ಸೀಲಂಟ್ ಹಾಕಿದೆ. ಇಡೀ ಕೆಲಸದಲ್ಲಿ ಬೇಸರದ ಭಾಗ ಈ ಕೆರೆಯುವುದೇ. ಮತ್ತೆ ಬಿಚ್ಚಬೇಕಾದ ಜಾಗಕ್ಕೆ ಶಾಶ್ವತವಾಗಿ ಅಂಟುವ ಬಗೆಯದನ್ನು ಹಾಕಬೇಡಿ, ಮುಂದೆ ಬಿಚ್ಚುವವರು ಶಾಪ ಹಾಕುತ್ತಾರೆ. ಸ್ಟೀರಿಂಗ್ ಮತ್ತು ರಿವರ್ಸ್ ಕೇಬಲ್ ಹೊರಬರುವ ತೂತುಗಳನ್ನೂ ಆಗಲೇ ನೋಡಿಕೊಂಡೆ. ಅವು ಚೆನ್ನಾಗಿದ್ದವು.

ಜನ ಮರೆಯುವ ಒಂದು ಜಾಗ ಬೇಯ್ಲರ್ ಪೈಪು. ಓಡುವಾಗ ಒಳಗಿನ ನೀರನ್ನು ಹೀರಿ ಹೊರಹಾಕುವ ಈ ಪೈಪು ಮೇಲೆ ಬಾಗಿದ ಜಾಗದಲ್ಲಿ ಸೂಜಿ ತೂತು ಇರುತ್ತದೆ. ಅದು ಕಟ್ಟಿಕೊಂಡರೆ, ಗಾಡಿ ನಿಂತಾಗ ಅದೇ ಪೈಪು ಸೈಫನ್ನಿನಂತೆ ಹೊರಗಿನ ನೀರನ್ನು ಒಳಗೆ ಎಳೆಯುತ್ತದೆ. ತಂತಿ ಚುಚ್ಚಿ ಬಿಡಿಸಿದರೆ ಆಯಿತು.

ಈಗ ಕಟ್ಟಿ ಬಿಟ್ಟರೆ ತಳ ಒಣಗಿಯೇ ಇರುತ್ತದೆ. ಓಡಿಸಿ ಬಂದರೆ ಒಂದು ಲೋಟದಷ್ಟು ನೀರು ಬರುತ್ತದೆ. ಅದು ಎಲ್ಲಿಂದ ಅಂತಲೂ ಗೊತ್ತು: ಮೇಲಿನ ಡೆಕ್ಕು ಕೆಳಗಿನ ಹಲ್‌ಗೆ ಸೇರುವ ಕೀಲು, ಬಲಗಡೆ ಬಂಪರ್ ರಬ್ಬರಿನ ಹಿಂದೆ. ಸೋಪು ನೀರು ಬಳಿದು, ಡ್ರೇನ್ ತೂತಿನಿಂದ ಮೆಲ್ಲಗೆ ಗಾಳಿ ಊದಿಸಿದಾಗ ಅಲ್ಲಿ ಗುಳ್ಳೆ ಎದ್ದಿತ್ತು. ನಿಂತಾಗ ಆ ಜಾಗ ನೀರಿನ ಮಟ್ಟಕ್ಕಿಂತ ಮೇಲಿರುತ್ತದೆ, ಜೋರಾಗಿ ತಿರುಗಿಸಿದಾಗ ಮಾತ್ರ ಮುಳುಗುತ್ತದೆ. ಬಂಪರ್ ಬಿಚ್ಚುವ ಬೇರೆ ಕೆಲಸ ಬಂದಾಗ ಅದನ್ನೂ ಮಾಡುತ್ತೇನೆ.