ಒಂದು ಬಾಯ್ಲರ್, ಮೂರು ವಾಲ್ವ್: ಬಿಸಿನೀರಿಗೂ ರೇಡಿಯೇಟರ್‌ಗಳಿಗೂ ಬೇರೆ ಬೇರೆ ಹಿಡಿತ

ಇಂಗ್ಲೆಂಡಿನ ಈ ಎರಡಂತಸ್ತಿನ ಮನೆಯಲ್ಲಿ ಗ್ಯಾಸ್ ಬಾಯ್ಲರ್ ಒಂದೇ. ಅದರ ಬಿಸಿ ಹೋಗಬೇಕಾದ ಕಡೆ ಮಾತ್ರ ಮೂರು: ಸ್ನಾನದ ನೀರಿನ ಸಿಲಿಂಡರ್ (ಅಡುಗೆ ಅನಿಲದ್ದಲ್ಲ, ನೀರು ಕಾಯಿಸಿಡುವ ತಾಮ್ರದ ಹಂಡೆ), ಕೆಳಗಿನ ರೇಡಿಯೇಟರ್‌ಗಳು (ಬಿಸಿನೀರು ಹರಿದು ಕೋಣೆ ಬೆಚ್ಚಗಿಡುವ ಫಲಕಗಳು), ಮೇಲಿನ ಮಲಗುವ ಕೋಣೆಗಳ ರೇಡಿಯೇಟರ್‌ಗಳು. ಮೂರಕ್ಕೂ 22 ಮಿ.ಮೀ. ಮೋಟರೈಸ್ಡ್ ವಾಲ್ವ್ (ಮೋಟರ್ ತಿರುಗಿ ನೀರಿನ ದಾರಿ ತೆರೆಯುವ ವಾಲ್ವ್) ಒಂದೊಂದು ಹಾಕಿದ್ದೇನೆ. ಇಲ್ಲಿನವರು ಇದನ್ನು 'ಎಸ್ ಪ್ಲಾನ್ ಪ್ಲಸ್' ಎನ್ನುತ್ತಾರೆ.

ವೈರಿಂಗ್ ಅರ್ಥವಾದರೆ ಉಳಿದದ್ದೆಲ್ಲ ಸುಲಭ. ವಾಲ್ವ್‌ನಿಂದ ಐದು ತಂತಿ ಬರುತ್ತವೆ. ನೀಲಿ ನ್ಯೂಟ್ರಲ್, ಹಸಿರು-ಹಳದಿ ಅರ್ತ್. ಥರ್ಮೋಸ್ಟಾಟ್ (ಬಿಸಿ ಎಷ್ಟಿದೆಯೆಂದು ನೋಡಿ ತಾನೇ ಹತ್ತಿ ಆರುವ ಸ್ವಿಚ್) ಬಿಸಿ ಕೇಳಿದಾಗ ಕಂದು ತಂತಿಗೆ ಕರೆಂಟ್ ಬಂದು ಮೋಟರ್ ತಿರುಗುತ್ತದೆ. ವಾಲ್ವ್ ತೆರೆದ ಮೇಲೆ ಒಳಗಿನ ಮೈಕ್ರೋಸ್ವಿಚ್ ಬೂದು ತಂತಿಯನ್ನು ಕಿತ್ತಳೆಗೆ ಕೂಡಿಸುತ್ತದೆ. ಬೂದಿನಲ್ಲಿ ಸದಾ ಕರೆಂಟ್ ಇರುತ್ತದೆ. ಬಾಯ್ಲರ್‌ಗೆ 'ಹೊತ್ತಿಕೋ' ಎಂದು ಹೇಳುವುದು ಕಿತ್ತಳೆ. ಅಂದರೆ ಥರ್ಮೋಸ್ಟಾಟ್ ಬಾಯ್ಲರನ್ನು ನೇರವಾಗಿ ಹಚ್ಚುವುದೇ ಇಲ್ಲ, ದಾರಿ ತೆರೆದ ವಾಲ್ವ್ ಹಚ್ಚುತ್ತದೆ. ಮೂರೂ ಕಿತ್ತಳೆ ತಂತಿಗಳು ಒಂದೇ ಟರ್ಮಿನಲ್‌ಗೆ. ಇಡೀ ವ್ಯವಸ್ಥೆಗೆ 3 ಆಂಪಿಯರ್ ಫ್ಯೂಸಿನ ಒಂದೇ ಸ್ವಿಚ್ ಇರಲೇಬೇಕು. ಎರಡು ಕಡೆಯಿಂದ ಕರೆಂಟ್ ಕೊಟ್ಟರೆ, ಆರಿಸಿದ್ದೇವೆಂದುಕೊಂಡ ಬೂದು ತಂತಿಯೇ ಹೊಡೆಯುತ್ತದೆ.

ಸಿಲಿಂಡರ್ ಥರ್ಮೋಸ್ಟಾಟನ್ನು ತಳದಿಂದ ಮೂರನೇ ಒಂದು ಭಾಗದ ಎತ್ತರದಲ್ಲಿ, ಹೊರಗಿನ ಫೋಮ್ ಕತ್ತರಿಸಿ ಬರೀ ತಾಮ್ರಕ್ಕೆ ತಾಗುವಂತೆ ಕಟ್ಟಿದೆ. ಫೋಮ್ ಮೇಲೆಯೇ ಕಟ್ಟಿದರೆ ಅದಕ್ಕೆ ಬಿಸಿ ತಿಳಿಯದೆ ನೀರು ಕುದಿಬಿಸಿಯಾಗುತ್ತದೆ. 60 ಡಿಗ್ರಿಗೆ ಇಟ್ಟಿದ್ದೇನೆ. ಅದಕ್ಕಿಂತ ಇಳಿಸಿದರೆ ನ್ಯುಮೋನಿಯಾ ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾದ ಭಯ. 120 ಲೀಟರ್ ನೀರನ್ನು 15ರಿಂದ 60ಕ್ಕೆ ಏರಿಸಲು ಸುಮಾರು 6.3 ಯೂನಿಟ್ ಬೇಕು. ಸಿಲಿಂಡರಿನ ಒಳಗೆ ಬಾಯ್ಲರ್ ನೀರು ಹರಿಯುವ ಸುರುಳಿ ಕೊಳವೆ 10 ಕಿಲೋವ್ಯಾಟ್ ಬಿಸಿ ದಾಟಿಸಿದರೆ ಅದು 40 ನಿಮಿಷದ ಕೆಲಸ. ಹಾಗಾಗಿ ಸ್ನಾನಕ್ಕೆ ಒಂದು ಗಂಟೆ ಮುಂಚೆ ಟೈಮರ್ ಸಾಕು, ದಿನವಿಡೀ ಬೇಡ.

ಮೇಲಿನ ಥರ್ಮೋಸ್ಟಾಟ್ ಮೆಟ್ಟಿಲ ತುದಿಯಲ್ಲಿ ಬೇಡ. ಕೆಳಗಿನ ಬಿಸಿಗಾಳಿ ಅಲ್ಲಿಗೇ ಏರಿ ಅದನ್ನು ನಂಬಿಸಿಬಿಡುತ್ತದೆ, ಕೋಣೆಗಳು ತಣ್ಣಗೇ ಉಳಿಯುತ್ತವೆ. ಮಲಗುವ ಕೋಣೆಯ ಒಳಗೋಡೆಯಲ್ಲಿ, ಒಂದೂವರೆ ಮೀಟರ್ ಎತ್ತರದಲ್ಲಿ ಹಾಕಿ. ಆ ಕೋಣೆಯ ರೇಡಿಯೇಟರ್ ತಿರುಗಣೆ ಪೂರ್ತಿ ತೆರೆದಿರಲಿ.

ಟೈಮರ್ ಆರಿದ್ದರೂ ಬಾಯ್ಲರ್ ಉರಿಯುತ್ತಲೇ ಇದ್ದರೆ ನನ್ನ ಮೊದಲ ಅನುಮಾನ ಅಂಟಿಕೊಂಡ ಮೈಕ್ರೋಸ್ವಿಚ್ ಮೇಲೆ. ಮೇನ್ ಆರಿಸಿ, ಕರೆಂಟ್ ಇಲ್ಲವೆಂದು ಟೆಸ್ಟರ್‌ನಿಂದ ಖಾತ್ರಿಪಡಿಸಿಕೊಂಡು, ಒಂದು ಕಿತ್ತಳೆ ತಂತಿ ಬಿಚ್ಚಿ ತುದಿ ಮುಚ್ಚಿ, ಮತ್ತೆ ಮೇನ್ ಹಾಕಿ ನೋಡುತ್ತೇನೆ; ಹೀಗೆ ಒಂದೊಂದನ್ನೇ. ಯಾವುದನ್ನು ಬಿಚ್ಚಿದಾಗ ಬಾಯ್ಲರ್ ನಿಲ್ಲುತ್ತದೋ ಆ ವಾಲ್ವ್‌ನದೇ ದೋಷ. ಬಿಸಿ ಕೇಳುತ್ತಿದ್ದರೂ ವಾಲ್ವ್‌ನ ಸನ್ನೆ (ಕೈಯಿಂದ ತೆರೆಯಲು ಇರುವ ಪುಟ್ಟ ಲಿವರ್) ಬಿಗಿಯಾಗಿಯೇ ಇದ್ದರೆ ಮೋಟರ್ ಸತ್ತಿದೆ. ಸಡಿಲವಾಗಿದ್ದೂ ಬಾಯ್ಲರ್ ಹೊತ್ತದಿದ್ದರೆ ಮತ್ತೆ ಮೈಕ್ರೋಸ್ವಿಚ್ಚೇ. ತಲೆ (ಮೋಟರ್, ಸ್ವಿಚ್ ಇರುವ ಭಾಗ) ಬೇರ್ಪಡುವ ಮಾದರಿಯಾದರೆ ನೀರು ಇಳಿಸದೆ ತಲೆ ಮಾತ್ರ ಬದಲಿಸಬಹುದು, ಹಾಗಾಗಿ ಕೊಳ್ಳುವಾಗಲೇ ಅಂಥದ್ದನ್ನು ಆರಿಸಿ. ಬೇಸಿಗೆಯಲ್ಲಿ ಬಿಸಿನೀರಿಗೆ ಹಾಕಿದಾಗ ರೇಡಿಯೇಟರ್ ಬೆಚ್ಚಗಾದರೆ ಸನ್ನೆಯನ್ನು ಕೈಯಾರೆ ತೆರೆದಿಟ್ಟು ಮರೆತಿರಬೇಕು, ಇಲ್ಲವೇ ಕಪ್ಪು ಕೆಸರು ಸಿಕ್ಕಿ ವಾಲ್ವ್ ಮುಚ್ಚುತ್ತಿಲ್ಲ.

ಬಾಯ್ಲರ್‌ನ ಗ್ಯಾಸ್ ಭಾಗವನ್ನು ನಾನು ಮುಟ್ಟುವುದಿಲ್ಲ. ಅದು 'ಗ್ಯಾಸ್ ಸೇಫ್' (ಇಲ್ಲಿನ ಗ್ಯಾಸ್ ಕೆಲಸಗಾರರ ಅಧಿಕೃತ ಪಟ್ಟಿ) ನೋಂದಣಿಯವರ ಕೆಲಸ.