ಮನಸ್ಸಿನ ಗೋಜಲು ಬಿಡಿಸಲು ಎಳೆಯ ತುದಿ ಹುಡುಕುವ ಬಗೆ

ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಮನೆಗಳಲ್ಲಿ ಬೆಳೆದ ನಮ್ಮಂಥವರಿಗೆ ಒಂದು ವಿಷಯ ಚಿಕ್ಕಂದಿನಲ್ಲೇ ತಿಳಿದಿರುತ್ತದೆ: ಒಣಗೂಡನ್ನು ಎಳೆದರೆ ಎಳೆ ಹರಿಯುತ್ತದೆಯೇ ಹೊರತು ಬಿಚ್ಚಿಕೊಳ್ಳುವುದಿಲ್ಲ. ಬಿಸಿನೀರಿನಲ್ಲಿ ಬೆಂದು ಅಂಟು ಸಡಿಲವಾಗಿ, ಮೇಲಿನ ಸಿಕ್ಕುಗಳನ್ನು ತೆಗೆದು, ಸರಿಯಾದ ತುದಿ ಕೈಗೆ ಸಿಕ್ಕಿದರೆ ಒಂದೇ ಗೂಡಿನಿಂದ ನೂರಾರು ಮೀಟರ್ ನೂಲು ಬರುತ್ತದೆ. ಮನಸ್ಸು ಗೋಜಲಾದಾಗ ನಾವು ಮಾಡುವ ತಪ್ಪು ಒಣಗೂಡನ್ನು ಎಳೆಯುವುದೇ ಆಗಿರುತ್ತದೆ. ಯೋಚಿಸಿದ್ದನ್ನೇ ಮತ್ತೆ ಮತ್ತೆ ಯೋಚಿಸಿ ಅದನ್ನು ಆತ್ಮಪರೀಕ್ಷೆ ಎಂದುಕೊಳ್ಳುತ್ತೇವೆ.

ಮೊದಲು ಎಲ್ಲವನ್ನೂ ಕಾಗದಕ್ಕೆ ಇಳಿಸಿ. ರಾತ್ರಿ ಊಟವಾದ ಮೇಲೆ ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು, 15 ನಿಮಿಷ ತಲೆಯಲ್ಲಿರುವುದನ್ನು ಬರೆಯಿರಿ: ಕಟ್ಟದ ಕರೆಂಟ್ ಬಿಲ್ಲು, ಅತ್ತಿಗೆ ಆಡಿದ ಮಾತು, ಬತ್ತುತ್ತಿರುವ ಬೋರ್‌ವೆಲ್, ಎಲ್ಲವೂ ಬರಲಿ. ಈ ಹಾಳೆಯನ್ನು ಯಾರಿಗೂ ತೋರಿಸಬೇಕಾಗಿಲ್ಲ. ಬಿಲ್ಲಿನಂಥ ಕೆಲಸಗಳನ್ನು ಬೇರೆ ಪಟ್ಟಿ ಮಾಡಿ, ಮುಗಿಸುವ ದಿನ ಗೊತ್ತುಮಾಡಿ. ಅವುಗಳ ಭಾರ ಅಲ್ಲಿಗೇ ಇಳಿಯುತ್ತದೆ. ಉಳಿಯುವವು ಹೆಚ್ಚಾಗಿ ಮನುಷ್ಯರಿಗೆ ಸಂಬಂಧಿಸಿದ ಮಾತುಗಳು, ಮತ್ತು ನಿಜವಾದ ಕೆಲಸ ಇರುವುದು ಅಲ್ಲಿ.

ಅವುಗಳಲ್ಲಿ ಒಂದನ್ನು ಆರಿಸಿಕೊಂಡು, ಹಾಳೆಯ ನಡುವೆ ಗೆರೆ ಎಳೆದು, ಎಡಕ್ಕೆ ನಡೆದದ್ದನ್ನೂ ಬಲಕ್ಕೆ ಅದರ ಬಗ್ಗೆ ನೀವು ನಿಮಗೇ ಹೇಳಿಕೊಳ್ಳುತ್ತಿರುವುದನ್ನೂ ಬರೆಯಿರಿ. "ಅಣ್ಣ ಮೂರು ತಿಂಗಳಿಂದ ಫೋನ್ ಮಾಡಿಲ್ಲ" ಎಂಬುದು ಎಡಕ್ಕೆ. "ಅವನಿಗೆ ನಾನು ಬೇಡವಾಗಿದ್ದೇನೆ" ಎಂಬುದು ಬಲಕ್ಕೆ. ಆಮೇಲೆ ಕೆಳಗೆ ಒಂದೇ ಪ್ರಶ್ನೆ: ಇದರಲ್ಲಿ ನಾನು ಮಾಡಿದ್ದೇನು, ಮಾಡದೆ ಬಿಟ್ಟದ್ದೇನು? "ನಾನೇಕೆ ಹೀಗೆ?" ಎಂದು ಕೇಳಿಕೊಳ್ಳಬೇಡಿ, ನನ್ನ ಅನುಭವದಲ್ಲಿ ಆ ಪ್ರಶ್ನೆಗೆ ನೆಪ ಸಿಗುತ್ತದೆ, ಇಲ್ಲವೇ ನಮ್ಮನ್ನು ನಾವೇ ಬೈದುಕೊಳ್ಳುವುದಕ್ಕೆ ದಾರಿಯಾಗುತ್ತದೆ, ಉತ್ತರ ಮಾತ್ರ ಸಿಗುವುದಿಲ್ಲ.

ಒಂದು ವರ್ಷ ನನ್ನ ಹಾಳೆಗಳ ತುಂಬ ಹೆಂಡತಿಯ ಮೇಲಿನ ದೂರುಗಳೇ ಇದ್ದವು: ಖರ್ಚು ಹೆಚ್ಚು, ಮಾತು ಕಡಿಮೆ, ಎಲ್ಲದಕ್ಕೂ ಪ್ರಶ್ನೆ. ಆ ಒಂದು ಪ್ರಶ್ನೆಯನ್ನು ನಾಲ್ಕನೆಯ ರಾತ್ರಿ ಕೇಳಿಕೊಂಡಾಗ ಬರೆಯಬೇಕಾಗಿ ಬಂದದ್ದು ಇಷ್ಟು: ಸ್ನೇಹಿತನೊಬ್ಬನ ಸಾಲಕ್ಕೆ ಜಾಮೀನು ಹಾಕಿದ್ದನ್ನು ನಾನು ಅವಳಿಗೆ ಹೇಳಿರಲಿಲ್ಲ. ಅವಳ ಪ್ರಶ್ನೆಗಳೆಲ್ಲ ನನಗೆ ಚುಚ್ಚುತ್ತಿದ್ದುದು ಆ ಮುಚ್ಚಿಟ್ಟ ಮಾತಿನಿಂದ. ಹತ್ತಾರು ದೂರುಗಳ ತುದಿ ಅದೊಂದೇ ಆಗಿತ್ತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆದರು. ತಮ್ಮನ್ನು ಕಾಡಿದ ಘಟನೆಯನ್ನೂ ಅದರ ಜೊತೆಗಿನ ಭಾವನೆಯನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಆದರೆ ಬರೆದ ಕೂಡಲೇ ಅವರ ಮನಸ್ಸು ಇನ್ನಷ್ಟು ಕುಗ್ಗಿತ್ತು. ಆದ್ದರಿಂದ ಮೊದಲ ರಾತ್ರಿ ಹಗುರವಾಗಲಿಲ್ಲವೆಂದು ಬಿಟ್ಟುಬಿಡಬೇಡಿ. ಆದರೆ ವಾರಗಟ್ಟಲೆ ನಿದ್ರೆ ಬಾರದಿದ್ದರೆ, ಬದುಕುವುದೇ ಬೇಡವೆನಿಸಿದರೆ, ಹಾಳೆಯನ್ನು ನಂಬಿ ಕೂರಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.

ತುದಿ ಸಿಕ್ಕ ಮೇಲೆ ಅದಕ್ಕೆ ತಕ್ಕ ಒಂದು ಸಣ್ಣ ಕೆಲಸವನ್ನು ಬರೆದು, ಎರಡು ದಿನದೊಳಗೆ ಮಾಡಿ. ಅಣ್ಣನಿಗೆ ನೀವೇ ಫೋನ್ ಮಾಡುವುದು, ತೆಗೆದುಕೊಂಡದ್ದನ್ನು ಹಿಂದಿರುಗಿಸುವುದು, ತಪ್ಪಾಯಿತು ಎಂದಷ್ಟೇ ಹೇಳಿ ಸಮರ್ಥನೆ ಸೇರಿಸದಿರುವುದು. ನಾನು ಮರುದಿನ ಬೆಳಿಗ್ಗೆ ಕಾಫಿ ಕುಡಿಯುವಾಗ ಜಾಮೀನಿನ ವಿಷಯ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, ಎಷ್ಟು ಹಣವೆಂದು ಕೇಳಿದಳು.