ವೈರ್‌ಲೆಸ್ ಕೈಕೊಟ್ಟಿತೇ? ಪೆಟ್ಟಿಗೆ ಬಿಚ್ಚುವ ಮೊದಲು ವೈರು ನೋಡಿ

ದೋಣಿಯ ವಿಎಚ್‌ಎಫ್ ರೇಡಿಯೊ ಕೆಟ್ಟಿತೆಂದರೆ ಹೆಚ್ಚಿನವರು ಮೊದಲು ಅನುಮಾನಿಸುವುದು ಸೆಟ್ಟನ್ನು. ನೀರು ನುಗ್ಗದಂತೆ ಬಿಗಿಯಾಗಿ ಮುಚ್ಚಿದ ಆ ಪೆಟ್ಟಿಗೆಯೊಳಗೆ ಕೆಡುವುದು ಅಪರೂಪ. ಕೆಡುವುದೆಲ್ಲ ಹೊರಗೆ: ಬ್ಯಾಟರಿಯಿಂದ ಬರುವ ವೈರು, ಫ್ಯೂಸ್ ಹೋಲ್ಡರ್, ಮೈಕ್‌ನ ಕಾರ್ಡ್, ಆಂಟೆನಾ ಕೇಬಲ್, ಅದರ ಎರಡು ತುದಿಯ ಕನೆಕ್ಟರ್‌ಗಳು. ಉಪ್ಪುಗಾಳಿ ತಿನ್ನುವುದು ಇವನ್ನೇ. ಹಾಗಾಗಿ ಹುಡುಕಾಟ ಹೊರಗಿನಿಂದ ಶುರುವಾಗಲಿ.

ಒಂದು ಮಲ್ಟಿಮೀಟರ್, ಸರಿಯಾದ ಅಳತೆಯ ಬಿಡಿ ಫ್ಯೂಸ್‌ಗಳು, ಆಂಟೆನಾ ಕೇಬಲ್ ತುದಿಗೆ ಹಾಕುವ ಎರಡು ಪಿಎಲ್-259 ಕನೆಕ್ಟರ್, ಸೋಲ್ಡರಿಂಗ್ ಐರನ್, ಸಣ್ಣ ತಂತಿ ಬ್ರಷ್, ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪು ಇದ್ದರೆ ಮುಕ್ಕಾಲು ಪಾಲು ಕೆಲಸ ಮುಗಿಯುತ್ತದೆ. ಎಸ್‌ಡಬ್ಲ್ಯುಆರ್ ಮೀಟರ್ (ಆಂಟೆನಾ ಕಡೆಯಿಂದ ಎಷ್ಟು ಶಕ್ತಿ ಹಿಂದಿರುಗುತ್ತಿದೆ ಎಂದು ತೋರಿಸುವುದು) ಸಿಕ್ಕರೆ ಇನ್ನೂ ಒಳ್ಳೆಯದು. ಆದರೆ 27 ಮೆಗಾಹರ್ಟ್ಸ್‌ನ ಸಿಬಿ ರೇಡಿಯೊಗೆಂದು ಮಾಡಿದ ಮೀಟರ್ ಇಲ್ಲಿ ನಡೆಯದು. ಕಡಲ ವಿಎಚ್‌ಎಫ್ ಕೆಲಸ ಮಾಡುವುದು 156ರಿಂದ 162 ಮೆಗಾಹರ್ಟ್ಸ್ ನಡುವೆ.

ಕೈಹಾಕುವ ಮೊದಲು ಎರಡು ಮಾತು. ಆಂಟೆನಾ ಕಳಚಿರುವಾಗ ಮೈಕ್ ಬಟನ್ ಒತ್ತಲೇಬೇಡಿ. ಹೊರಹೋಗಲು ದಾರಿಯಿಲ್ಲದ ಶಕ್ತಿ ಹಿಂದಿರುಗಿ ಬಂದು ಕೊನೆಯ ಹಂತದ ಟ್ರಾನ್ಸಿಸ್ಟರನ್ನು ಸುಡಬಹುದು. ಎರಡನೆಯದು, ಚಾನೆಲ್ 16 ತುರ್ತು ಕರೆಯ ಚಾನೆಲ್. ಪರೀಕ್ಷೆಯ ಮಾತುಕತೆ ಅಲ್ಲಿ ಬೇಡ. ಮಾತಿಗೆ ಅನುಮತಿಯಿರುವ ಬೇರೊಂದು ಚಾನೆಲ್‌ಗೆ ಹೋಗಿ, 1 ವ್ಯಾಟ್‌ಗೆ ಇಳಿಸಿ, ಹತ್ತಿರದ ದೋಣಿಯವರೊಂದಿಗೆ ಮಾತಾಡಿ ನೋಡಿ. ಅಪಾಯದ ಕರೆ ಕಳಿಸುವ, ಮುಚ್ಚಳದಡಿಯ ಕೆಂಪು ಬಟನ್ ಅಂತೂ ಪರೀಕ್ಷೆಗೆ ಅಲ್ಲವೇ ಅಲ್ಲ.

ಮೊದಲು ಸೆಟ್ಟಿಂಗ್

ಕೆಟ್ಟಿದೆ ಎಂದುಕೊಂಡ ಎಷ್ಟೋ ಸೆಟ್‌ಗಳು ಕೆಟ್ಟಿರುವುದೇ ಇಲ್ಲ. ಏನೂ ಕೇಳಿಸುತ್ತಿಲ್ಲವೇ? ವಾಲ್ಯೂಮ್ ಅರ್ಧಕ್ಕೆ ತಂದು, ಸ್ಕ್ವೆಲ್ಚ್ (ಖಾಲಿ ಚಾನೆಲ್‌ನ ಸದ್ದನ್ನು ತಡೆಯುವ ಗುಂಡಿ) ಪೂರ್ತಿ ಇಳಿಸಿ. ‘ಸೊಂಯ್’ ಎಂಬ ಸದ್ದು ಬಂದರೆ ಸ್ಪೀಕರ್ ಸರಿಯಿದೆ, ಸ್ಕ್ವೆಲ್ಚ್ ಏರಿಸಿಟ್ಟದ್ದೇ ತೊಂದರೆ. ಸದ್ದು ನಿಂತ ಬಿಂದುವಿನಿಂದ ಕೂದಲೆಳೆಯಷ್ಟು ಮಾತ್ರ ಮೇಲಕ್ಕೆ ತಿರುಗಿಸಿಡಿ. ಈ ಸೊಂಯ್ ಸದ್ದು ಆಂಟೆನಾ ಚೆನ್ನಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ, ಆಂಟೆನಾ ಕಿತ್ತಿಟ್ಟರೂ ಅದು ಬರುತ್ತಲೇ ಇರುತ್ತದೆ.

ಕೆಲವೇ ಚಾನೆಲ್‌ಗಳಲ್ಲಿ ತೊಂದರೆಯಿದ್ದರೆ ಸೆಟ್ ಅಂತರರಾಷ್ಟ್ರೀಯ ಪಟ್ಟಿಯಲ್ಲಿದೆಯೋ ಅಮೆರಿಕದ ಪಟ್ಟಿಯಲ್ಲಿದೆಯೋ ನೋಡಿ. ಕೆಲವು ಚಾನೆಲ್‌ಗಳ ಸಂಖ್ಯೆ ಎರಡರಲ್ಲೂ ಒಂದೇ ಇದ್ದರೂ ತರಂಗಾಂತರ ಬೇರೆ. ಇನ್ನು ಅಂತರರಾಷ್ಟ್ರೀಯ ಪಟ್ಟಿಯ 15 ಮತ್ತು 17ನೇ ಚಾನೆಲ್‌ಗಳು 1 ವ್ಯಾಟ್‌ಗೆ ಸೀಮಿತ. ಅಲ್ಲಿ 25 ವ್ಯಾಟ್ ಬರುತ್ತಿಲ್ಲ ಎಂದು ಸೆಟ್ ಬಿಚ್ಚಿದರೆ ಪ್ರಯೋಜನವಿಲ್ಲ.

ಮಾತಾಡುವಾಗಲೇ ವೋಲ್ಟೇಜ್ ಅಳೆಯಿರಿ

ಸೆಟ್ ಆನ್ ಆಗದಿದ್ದರೆ ಕೆಂಪು ವೈರಿನಲ್ಲಿರುವ ಫ್ಯೂಸ್ ನೋಡಿ. ಅದರ ಅಳತೆ ಸಾಮಾನ್ಯವಾಗಿ 7ರಿಂದ 10 ಆಂಪಿಯರ್. ಸುಟ್ಟಿದ್ದರೆ ಅದೇ ಅಳತೆಯದನ್ನು ಹಾಕಿ. ಅದೂ ಸುಟ್ಟರೆ ಎಲ್ಲೋ ಶಾರ್ಟ್ ಇದೆ ಎಂದರ್ಥ. ದೊಡ್ಡ ಫ್ಯೂಸ್ ಹಾಕಿ ನೋಡೋಣ ಎಂಬ ಯೋಚನೆ ಬೆಂಕಿಗೆ ದಾರಿ.

ನಿಜವಾಗಿ ತಲೆಕೆಡಿಸುವುದು ಇನ್ನೊಂದು ಲಕ್ಷಣ: ಕೇಳಿಸುವುದು ಚೆನ್ನಾಗಿ ಕೇಳಿಸುತ್ತದೆ, ಬಟನ್ ಒತ್ತಿದ ಕೂಡಲೇ ಡಿಸ್‌ಪ್ಲೇ ಮಂಕಾಗುತ್ತದೆ ಅಥವಾ ಸೆಟ್ ಆಫ್ ಆಗಿ ಆನ್ ಆಗುತ್ತದೆ. ಕೇಳುವಾಗ ಸೆಟ್ ಎಳೆಯುವುದು 1 ಆಂಪಿಯರ್‌ಗಿಂತ ಕಡಿಮೆ; 25 ವ್ಯಾಟ್‌ನಲ್ಲಿ ಮಾತಾಡುವಾಗ 5ರಿಂದ 6 ಆಂಪಿಯರ್. ಕಿಲುಬು ಹಿಡಿದ ಜೋಡಣೆ ಮೊದಲನೆಯದನ್ನು ತಾಳಿಕೊಳ್ಳುತ್ತದೆ, ಎರಡನೆಯದನ್ನು ತಾಳದು. ಹಾಗಾಗಿ ಸುಮ್ಮನಿರುವ ಸೆಟ್‌ನ ಹಿಂದೆ 12.6 ವೋಲ್ಟ್ ತೋರಿಸಿತೆಂದು ಸಮಾಧಾನಪಡಬೇಡಿ.

ಮೀಟರ್ ಕಡ್ಡಿಗಳನ್ನು ಸೆಟ್‌ನ ಹಿಂಬದಿಯ ಕೆಂಪು ಮತ್ತು ಕಪ್ಪು ವೈರಿಗೆ ಹಿಡಿದು, ಖಾಲಿ ಚಾನೆಲ್‌ನಲ್ಲಿ 25 ವ್ಯಾಟ್‌ಗೆ ಏರಿಸಿ, ನಿಮ್ಮ ದೋಣಿಯ ಹೆಸರು ಹೇಳುವಷ್ಟು ಹೊತ್ತು ಬಟನ್ ಒತ್ತಿ. ಹೆಚ್ಚಿನ ಸೆಟ್‌ಗಳು 13.8 ವೋಲ್ಟ್‌ಗೆ ರೂಪಿಸಿದವು, ಅದಕ್ಕಿಂತ ಶೇ 15ರಷ್ಟು ಆಚೀಚೆ ತಾಳುತ್ತವೆ. ಅಂದರೆ ಕೆಳಗಿನ ಮಿತಿ ಸುಮಾರು 11.7. ಅದಕ್ಕಿಂತ ಕೆಳಗಿಳಿದರೆ ಅದೇ ಹೊತ್ತಿನಲ್ಲಿ ಬ್ಯಾಟರಿ ಮೇಲಿನ ವೋಲ್ಟೇಜನ್ನೂ ಅಳೆಯಿರಿ. ಅಲ್ಲೂ ಇಳಿದಿದ್ದರೆ ಬ್ಯಾಟರಿ ದುರ್ಬಲ. ಅಲ್ಲಿ ಸರಿಯಿದ್ದು ಇಲ್ಲಿ ಇಳಿದಿದ್ದರೆ ಕಳ್ಳ ನಡುವೆ ಇದ್ದಾನೆ. ಫ್ಯೂಸ್ ಹೋಲ್ಡರ್‌ನ ಎರಡು ಬದಿಗೆ ಕಡ್ಡಿ ಹಿಡಿದು ಮತ್ತೆ ಬಟನ್ ಒತ್ತಿ, 0.1 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಅದನ್ನು ಬದಲಿಸಿ. ಸ್ವಿಚ್ ಮತ್ತು ಪ್ರತಿ ಜೋಡಣೆಗೂ ಇದೇ ಪರೀಕ್ಷೆ. ನೆಗೆಟಿವ್ ಕಡೆಯನ್ನು ಮರೆಯುವವರೇ ಹೆಚ್ಚು, ತೊಂದರೆ ಅಲ್ಲೂ ಅಷ್ಟೇ ಇರುತ್ತದೆ.

ವೈರು ತೆಳುವಾಗಿದ್ದರೂ ಇದೇ ಗತಿ. ಬ್ಯಾಟರಿ 6 ಮೀಟರ್ ದೂರವಿದ್ದರೆ ಹೋಗಿಬರುವ ವೈರು 12 ಮೀಟರ್. 5.5 ಆಂಪಿಯರ್‌ಗೆ 1.5 ಚದರ ಮಿಲಿಮೀಟರ್ ವೈರಿನಲ್ಲಿ ಸುಮಾರು 0.75 ವೋಲ್ಟ್ ಸೋರಿಹೋಗುತ್ತದೆ, 2.5ರ ವೈರಿನಲ್ಲಿ 0.45. ತವರ ಲೇಪಿಸಿದ ತಾಮ್ರದ ವೈರು ಕಡಲಿಗೆ ತಾಳುತ್ತದೆ.

ಮೈಕ್

ಬಟನ್ ಒತ್ತಿದರೂ ಪರದೆಯಲ್ಲಿ ಪ್ರಸಾರದ ಗುರುತಾದ ‘ಟಿಎಕ್ಸ್’ ಬಾರದಿದ್ದರೆ, ಅಥವಾ ನಿಮ್ಮ ಮಾತು ತುಂಡುತುಂಡಾಗಿ ಕೇಳುತ್ತದೆ ಎಂದು ಎದುರಿನವರು ಹೇಳಿದರೆ, ಕಾರ್ಡ್ ಮೈಕ್‌ನೊಳಗೆ ಹೊಕ್ಕುವ ಜಾಗವನ್ನು ಮಡಚಿ ನೋಡಿ. ಸುರುಳಿ ಕಾರ್ಡಿನ ಎಳೆ ತುಂಡಾಗುವುದು ಅಲ್ಲೇ. ಇದಕ್ಕೆ ವಿರುದ್ಧವಾದದ್ದು ಇನ್ನೂ ಅಪಾಯ: ಉಪ್ಪು ಕಟ್ಟಿ ಬಟನ್ ಒಳಗೇ ಸಿಕ್ಕಿಕೊಂಡು ಸೆಟ್ ಸದಾ ಪ್ರಸಾರ ಮಾಡುತ್ತಿರುತ್ತದೆ. ಆಗ ನಿಮಗೆ ಯಾರೂ ಕೇಳಿಸುವುದಿಲ್ಲ, ಆ ಚಾನೆಲ್‌ನಲ್ಲಿ ಸುತ್ತಲಿನವರಿಗೂ ಬೇರೇನೂ ಕೇಳಿಸುವುದಿಲ್ಲ. ಮೈಕ್ ಕಳಚಿದೊಡನೆ ‘ಟಿಎಕ್ಸ್’ ಮಾಯವಾದರೆ ತಪ್ಪು ಮೈಕ್‌ನದ್ದು.

ಆಂಟೆನಾ ಕೇಬಲ್

ಪಕ್ಕದ ದೋಣಿ ಕೇಳಿಸುತ್ತದೆ, ದೂರದ್ದು ಇಲ್ಲ ಎಂದಾದರೆ ನೇರ ಇಲ್ಲಿಗೆ ಬನ್ನಿ. ಕೈಯಲ್ಲಿ ಹಿಡಿಯುವ ವಾಕಿಟಾಕಿಯೊಂದಿಗೆ ಅದೇ ದೋಣಿಯಲ್ಲಿ ನಿಂತು ಮಾತಾಡಿ ‘ಸರಿಯಿದೆ’ ಎನ್ನುವವರಿದ್ದಾರೆ. ಅಷ್ಟು ಹತ್ತಿರ ಆಂಟೆನಾ ಸತ್ತಿದ್ದರೂ ಮಾತು ದಾಟುತ್ತದೆ.

ಸೆಟ್ ಆಫ್ ಮಾಡಿ, ಕೇಬಲ್ಲನ್ನು ಎರಡೂ ತುದಿಯಲ್ಲಿ ಕಳಚಿ. ಒಂದು ತುದಿಯಲ್ಲಿ ನಡುವಿನ ಪಿನ್ ಮತ್ತು ಹೊರಕವಚದ ನಡುವೆ ಓಮ್ ಅಳೆಯಿರಿ: ಮೀಟರ್ ಯಾವ ಸಂಪರ್ಕವನ್ನೂ ತೋರಿಸಬಾರದು. ತೋರಿಸಿದರೆ ಕೇಬಲ್‌ನ ಹೊರಸಿಪ್ಪೆಯಡಿಯ ತಂತಿ ಜಾಲರಿಯ ಒಂದು ಎಳೆ ಪಿನ್‌ಗೆ ತಾಗಿದೆ, ಇಲ್ಲವೇ ಒಳಗೆ ನೀರಿದೆ. ಆಮೇಲೆ ದೂರದ ತುದಿಯಲ್ಲಿ ಪಿನ್ನನ್ನು ಕವಚಕ್ಕೆ ಕ್ಲಿಪ್ಪಿನಿಂದ ಸೇರಿಸಿ ಮತ್ತೆ ಅಳೆಯಿರಿ. ಈಗ 1 ಓಮ್ ಆಸುಪಾಸು ಬರಬೇಕು. ಕನೆಕ್ಟರನ್ನು ಅಲುಗಿಸಿದಾಗ ಅಂಕಿ ಕುಣಿದರೆ ಬೆಸುಗೆ ಬಿಟ್ಟಿದೆ.

ಆಂಟೆನಾ ಸೇರಿಸಿಟ್ಟೇ ಅಳೆದು, ಶಾರ್ಟ್ ತೋರಿಸಿತೆಂದು ಒಳ್ಳೆಯ ಆಂಟೆನಾ ಎಸೆದವರೂ ಇರಬಹುದು. ಅನೇಕ ಕಡಲ ಆಂಟೆನಾಗಳು ಮೀಟರ್‌ನ ಕಣ್ಣಿಗೆ ಶಾರ್ಟ್ ಆಗಿಯೇ ಕಾಣುತ್ತವೆ. ಅವುಗಳ ರಚನೆಯೇ ಹಾಗೆ.

ಓಮ್ ಸರಿ ಬಂದರೂ ಕೇಬಲ್ ಒಳಗಿಂದ ಸತ್ತಿರಬಹುದು. ಮೇಲಿನ ಕನೆಕ್ಟರ್ ಹತ್ತಿರ ಹೊರಸಿಪ್ಪೆಯನ್ನು 3 ಸೆಂಟಿಮೀಟರ್ ಸೀಳಿ ನೋಡಿ. ಜಾಲರಿ ಹೊಳೆಯುತ್ತಿದ್ದರೆ ಸರಿ. ಕಪ್ಪಾಗಿದ್ದರೆ, ಬೆರಳಲ್ಲಿ ಉಜ್ಜಿದಾಗ ಹಸಿರು ಪುಡಿ ಉದುರಿದರೆ, ನೀರು ಹೊಕ್ಕಿದೆ. ಬತ್ತಿ ಎಣ್ಣೆ ಎಳೆದುಕೊಳ್ಳುವಂತೆ ಜಾಲರಿ ನೀರನ್ನು ಮೀಟರುಗಟ್ಟಲೆ ಕೆಳಕ್ಕೆ ಎಳೆಯುತ್ತದೆ. ಒಂದಡಿ ಕತ್ತರಿಸಿ ಮತ್ತೆ ನೋಡಿ. ಅಲ್ಲೂ ಕಪ್ಪಾಗಿದ್ದರೆ ಇಡೀ ಕೇಬಲ್ ಬದಲಿಸುವುದೇ ಲೇಸು.

ಹೊಸದು ತರುವಾಗ ದಪ್ಪಕ್ಕೆ ಗಮನ ಕೊಡಿ. 20 ಮೀಟರ್ ತೆಳ್ಳಗಿನ ಆರ್‌ಜಿ-58 ಕೇಬಲ್ ಅರ್ಧಕ್ಕಿಂತ ಹೆಚ್ಚು ಶಕ್ತಿಯನ್ನು ದಾರಿಯಲ್ಲೇ ನುಂಗುತ್ತದೆ. ಅಷ್ಟು ಉದ್ದಕ್ಕೆ ಆರ್‌ಜಿ-213 ಬೇಕು. ಎರಡೂ 50 ಓಮ್‌ನವು. ಟಿವಿಯ 75 ಓಮ್ ಕೇಬಲ್ ಬೇಡ. ಪಿಎಲ್-259 ಹಾಕುವಾಗ ಪಿನ್‌ಗೂ ಜಾಲರಿಗೂ ಬೆಸುಗೆ ಹಾಕಿ, ಆಂಟೆನಾ ಬದಿಯ ಜೋಡಣೆಗೆ ರಬ್ಬರ್ ಟೇಪನ್ನು ಎಳೆದು ಕೆಳಗಿನಿಂದ ಮೇಲಕ್ಕೆ ಸುತ್ತಿ. ಆಗ ಪದರದ ಮೇಲೆ ಪದರ ಬಿದ್ದು ನೀರು ಹೊರಕ್ಕೆ ಜಾರುತ್ತದೆ.

ಎಲ್ಲ ಜೋಡಿಸಿದ ಮೇಲೆ ಎಸ್‌ಡಬ್ಲ್ಯುಆರ್ ನೋಡಿ. 1.5 ಬಂದರೆ ಶೇ 4ರಷ್ಟು ಶಕ್ತಿ ಹಿಂದಿರುಗುತ್ತದೆ, ಚಿಂತೆಯಿಲ್ಲ. 2ಕ್ಕೆ ಶೇ 11. 3ಕ್ಕೆ ಶೇ 25, ಅದು ಸಲ್ಲದು. ಹಳೆಯ ಕೇಬಲ್‌ನೊಂದಿಗೆ ಸೆಟ್ ಬದಿಯಲ್ಲಿ ಅಳೆದು ಬಂದ ಒಳ್ಳೆಯ ಅಂಕಿಯನ್ನು ನಂಬಬೇಡಿ. ಹಿಂದಿರುಗುವ ಶಕ್ತಿಯನ್ನೂ ಕೆಟ್ಟ ಕೇಬಲ್ ನುಂಗಿಬಿಡುವುದರಿಂದ ಅಂಕಿ ಚೆನ್ನಾಗಿ ಕಾಣುತ್ತದೆ. ಎಐಎಸ್‌ಗೂ (ದೋಣಿ ಎಲ್ಲಿದೆ ಎಂದು ಸುತ್ತಲಿನ ಹಡಗುಗಳಿಗೆ ತಿಳಿಸುವ ಸಾಧನ) ರೇಡಿಯೊಗೂ ಒಂದೇ ಆಂಟೆನಾ ಇದ್ದರೆ ನಡುವಿನ ಸ್ಪ್ಲಿಟರ್ ತೆಗೆದು ನೇರ ಜೋಡಿಸಿ ನೋಡಿ.

ಗರಗರ ಸದ್ದು

ಎಂಜಿನ್ ವೇಗಕ್ಕೆ ತಕ್ಕಂತೆ ಏರಿಳಿಯುವ ಸಿಳ್ಳು ಬಂದರೆ ಆಲ್ಟರ್ನೇಟರ್ ಕಡೆ ನೋಡಿ. ಎಲ್‌ಇಡಿ ದೀಪಗಳದ್ದು ಗೊತ್ತೇ ಆಗದ ಕಾಟ. ಮಾಸ್ಟ್ ತುದಿಯಲ್ಲಿ ಆಂಟೆನಾ ಪಕ್ಕದಲ್ಲೇ ಇರುವ ಕೆಲವು ಎಲ್‌ಇಡಿಗಳು ವಿಎಚ್‌ಎಫ್ ಗ್ರಹಣವನ್ನು ಕೆಡಿಸುತ್ತವೆ ಎಂದು ಅಮೆರಿಕದ ಕೋಸ್ಟ್ ಗಾರ್ಡ್ 2018ರಲ್ಲೇ ಎಚ್ಚರಿಸಿತ್ತು. ದೀಪ ಆರಿಸಿ, ಖಾಲಿ ಚಾನೆಲ್‌ನಲ್ಲಿ ಸದ್ದು ನಿಲ್ಲುವ ಬಿಂದುವಿಗೆ ಸ್ಕ್ವೆಲ್ಚ್ ತನ್ನಿ. ಈಗ ದೀಪ ಹಚ್ಚಿ. ಸದ್ದು ಮರಳಿದರೆ ಅಪರಾಧಿ ದೀಪವೇ.

ದೂರದ ಲೆಕ್ಕ

ಎಲ್ಲ ಸರಿಯಿದ್ದೂ ದೂರ ಹೋಗುತ್ತಿಲ್ಲ ಎನಿಸಿದರೆ ಆಂಟೆನಾ ಎತ್ತರ ಲೆಕ್ಕ ಹಾಕಿ. ಎತ್ತರದ (ಮೀಟರ್‌ನಲ್ಲಿ) ವರ್ಗಮೂಲವನ್ನು 2.2ರಿಂದ ಗುಣಿಸಿದರೆ ನಾಟಿಕಲ್ ಮೈಲುಗಳಲ್ಲಿ ದೂರ ಸಿಗುತ್ತದೆ. ಎದುರಿನ ದೋಣಿಯದ್ದನ್ನೂ ಕೂಡಿಸಿ. ಎರಡೂ ಆಂಟೆನಾ 4 ಮೀಟರ್ ಎತ್ತರದಲ್ಲಿದ್ದರೆ ಒಟ್ಟು 9 ನಾಟಿಕಲ್ ಮೈಲಿನ ಒಳಗೆ. ಅದಕ್ಕಿಂತ ಬಹಳ ಹೆಚ್ಚು ನಿರೀಕ್ಷಿಸುವಂತಿಲ್ಲ.

ನಡುನೀರಿನಲ್ಲಿ ಆಂಟೆನಾ ಮುರಿದರೆ ಕೇಬಲ್‌ನ ತುದಿಯಿಂದ 46 ಸೆಂಟಿಮೀಟರ್ ಉದ್ದಕ್ಕೆ ಹೊರಸಿಪ್ಪೆ ತೆಗೆದು, ಜಾಲರಿಯನ್ನು ಸರಿಸಿ ಸಿಪ್ಪೆಯ ಮೇಲೆ ಕೆಳಮುಖವಾಗಿ ಹರಡಿ ಕಟ್ಟಿ. ಒಳಗಿನ ತಂತಿ ಅದರ ನಿರೋಧಕದ ಸಮೇತ ನೆಟ್ಟಗೆ ಮೇಲಕ್ಕೆ ನಿಲ್ಲಲಿ. ಎರಡೂ ಒಂದಕ್ಕೊಂದು ತಾಗದಂತೆ ಆದಷ್ಟು ಎತ್ತರಕ್ಕೆ ಬಿಗಿದು 1 ವ್ಯಾಟ್‌ನಲ್ಲಿ ಕರೆಯಿರಿ.

ವೋಲ್ಟೇಜ್, ಮೈಕ್, ಕೇಬಲ್ ಮೂರೂ ಪಾಸಾದ ಮೇಲೂ ಸೆಟ್ ಮಾತಾಡದಿದ್ದರೆ ಮಾತ್ರ ಅದನ್ನು ರಿಪೇರಿಗೆ ಕಳಿಸಿ. ಅಳೆದ ಅಂಕಿಗಳನ್ನು ಚೀಟಿಯಲ್ಲಿ ಬರೆದು ಜೊತೆಗಿಡಿ. ಹೊಸ ಸೆಟ್ ಹಾಕುವುದಾದರೆ ದೋಣಿಯ ರೇಡಿಯೊವನ್ನು ಗುರುತಿಸುವ 9 ಅಂಕಿಯ ಎಂಎಂಎಸ್‌ಐ ಸಂಖ್ಯೆಯನ್ನು ಪರವಾನಗಿ ನೋಡಿಕೊಂಡೇ ಒತ್ತಿ. ಅನೇಕ ಸೆಟ್‌ಗಳು ಅದನ್ನು ಒಂದೆರಡು ಬಾರಿ ಮಾತ್ರ ಬರೆಯಲು ಬಿಡುತ್ತವೆ, ಆಮೇಲೆ ತಿದ್ದಲು ತಯಾರಕರ ಬಳಿಗೇ ಹೋಗಬೇಕು.